ಹದಿನೇಳನೇ ಪಾಯಿಂಟಿನ ಇಬ್ಬನಿ

ಮಣ್ಣಿನ ಅಂಗಳಕ್ಕೆ ಹಾಕಿದ ಸಗಣಿ ನೀರಿನ ವಾಸನೆ ಬೇರೆ, ಡಾಂಬರು ರಸ್ತೆಗೆ ಹಾಕಿದ್ದರ ವಾಸನೆ ಬೇರೆ. ಮಣ್ಣು ನೀರನ್ನು ಕುಡಿದು ಸುಮ್ಮನಾಗುತ್ತದೆ. ಡಾಂಬರು ಕುಡಿಯುವುದಿಲ್ಲ. ನೀರು ಅದರ ಮೇಲೆ ಹಾಗೇ ನಿಂತು, ಟಾರಿನ ಎಣ್ಣೆ ವಾಸನೆಯನ್ನೂ ಸಗಣಿಯದನ್ನೂ ಒಟ್ಟಿಗೆ ಮೂಗಿಗೆ ಹತ್ತಿಸುತ್ತದೆ. ಹೋದ ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಸಾಲಿಗ್ರಾಮದ ನನ್ನ ಬಾಡಿಗೆ ರೂಮಿನಿಂದ ಭೇರ್ಯದ ಕಡೆಯ ಹೈಸ್ಕೂಲಿಗೆ ಬೈಕಿನಲ್ಲಿ ಹೋಗುತ್ತಿದ್ದೆ. ದಾರಿಯ ಒಂದು ಊರಿನಲ್ಲಿ ಹೆಂಗಸೊಬ್ಬರು ಬಾಗಿಲ ಮುಂದಿನ ರಸ್ತೆಗೆ ಬಕೆಟ್ಟಿನಿಂದ ಸಗಣಿ ನೀರು ಎರಚಿದರು. ನಾನು ಗಕ್ಕನೆ ಬ್ರೇಕು ಹಾಕಿ ನಿಂತುಬಿಟ್ಟೆ.

"ನಿಮ್ಮ ಮ್ಯಾಲೆ ಬಿದ್ದಿಲ್ಲ ಕಣ್ರೀ ಮೇಷ್ಟ್ರೇ, ವೋಗಿ" ಎಂದರು ಆಕೆ.

ಹೌದು, ನನ್ನ ಮೇಲೆ ಬಿದ್ದಿರಲಿಲ್ಲ. ಅವತ್ತೂ ಬಿದ್ದಿರಲಿಲ್ಲ. ಬೈಕನ್ನು ಪಕ್ಕಕ್ಕೆ ಹಾಕಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಂದು ಪ್ರಾರ್ಥನೆಗೆ ಸೀಟಿ ಊದಬೇಕಾದ ಪಿ.ಟಿ. ಮೇಷ್ಟ್ರಾದ ನಾನೇ ತಡವಾಗಿ ಹೋದೆ.

ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಧನುರ್ಮಾಸ. ಆಗ ನಾನು ನಮ್ಮೂರ ಪಕ್ಕದ ಹೈಸ್ಕೂಲಿನಲ್ಲೇ ಇದ್ದೆ. ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಹೆದ್ದಾರಿಯಿಂದ ಒಳಗೆ ಹೊರಳಿದ ರಸ್ತೆಯಲ್ಲಿದೆ. ಹಲವು ದೇಶಗಳನ್ನು ಸುತ್ತುವ ಕಾರ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಒಂದು ಸುತ್ತು ಆ ವರ್ಷ ನಮ್ಮ ರಸ್ತೆಗೆ ಬಂತು. ಕೊಡಗಿನ ಕಾಫಿ ತೋಟಗಳಲ್ಲಿ ಮಣ್ಣಿನ ರ‍್ಯಾಲಿ ನಡೆಯುವುದು ನಮಗೆ ಗೊತ್ತಿದ್ದದ್ದೇ. ಇದು ಪೂರಾ ಡಾಂಬರಿನ ಸುತ್ತು. ಊರವರು ಕಾರುಗಳೆಲ್ಲ ಎತ್ತಿನಗಾಡಿ ಓಟದ ಹಾಗೆ ಒಟ್ಟಿಗೆ ನುಗ್ಗುತ್ತವೆ ಎಂದುಕೊಂಡಿದ್ದರು. ಹಾಗಲ್ಲ. ರಸ್ತೆಯನ್ನು ಮುಚ್ಚಿ, ಎರಡೆರಡು ನಿಮಿಷಕ್ಕೆ ಒಂದೊಂದೇ ಕಾರು ಬಿಡುತ್ತಾರೆ. ಯಾರು ಕಡಿಮೆ ಹೊತ್ತಿನಲ್ಲಿ ಆ ತುದಿ ಮುಟ್ಟಿದರೋ ಅವರು ಗೆದ್ದಂತೆ.

ಉದ್ದಕ್ಕೂ ತಿರುವು ತಿರುವಿಗೆ ಕಾವಲಿಗೆ ಜನ ಬೇಕಿತ್ತು. ಮಾರ್ಷಲ್ ಎನ್ನುತ್ತಾರೆ. ಸುತ್ತಲಿನ ಮೇಷ್ಟ್ರುಗಳನ್ನೂ ಕಾಲೇಜು ಹುಡುಗರನ್ನೂ ಹಿಡಿದು ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಒಂದು ದಿನ ಪಾಠ ಮಾಡಿದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಮ್ಮ ಮನೆ ಮುಂದಿನ ತಿರುವಿಗೆ, ಅಂದರೆ ಹದಿನೇಳನೇ ಪಾಯಿಂಟಿಗೆ, ನಾನೇ ಮುಖ್ಯಸ್ಥನಾದೆ. ಕಿತ್ತಳೆ ಬಣ್ಣದ ಜಾಕೆಟ್ಟು, ಹಳದಿ ಬಾವುಟ, ಒಂದು ವಾಕಿಟಾಕಿ ಕೊಟ್ಟರು. ಆ ಜಾಕೆಟ್ಟನ್ನು ಹಾಕಿಕೊಂಡು ಅಣ್ಣನ ಜೊತೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಕಟ್ಟೆಗೂ ಹೋಗಿ ಒಂದು ಸುತ್ತು ಬಂದೆ. ಅಷ್ಟು ಜಂಬ ನನಗೆ. ಪಾಠ ಹೇಳಿದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳಿದ್ದರು: ರಸ್ತೆಯ ಮೇಲೆ ಏನು ಬದಲಾದರೂ ವಾಕಿಟಾಕಿಯಲ್ಲಿ ತಿಳಿಸಿ, ಅನುಮಾನ ಬಂದರೆ ಹಳದಿ ಬಾವುಟ ಎತ್ತಿ, ಸ್ಪರ್ಧೆ ನಿಂತರೂ ಚಿಂತೆಯಿಲ್ಲ.

ನಮ್ಮ ಮನೆಯ ಸಂಗತಿ ಹೇಳಬೇಕು. ರಸ್ತೆ ಅಗಲ ಮಾಡಿದಾಗ ನಮ್ಮ ಅಂಗಳ ಪೂರಾ ಡಾಂಬರಿನೊಳಗೆ ಹೋಯಿತು. ಹೊಸ್ತಿಲು ದಾಟಿ ಎರಡು ಮೆಟ್ಟಿಲಿಳಿದರೆ ರಸ್ತೆ. ಆದರೆ ನಮ್ಮ ಅತ್ತಿಗೆ ಚಿಕ್ಕತಾಯಮ್ಮನ ಮಟ್ಟಿಗೆ ಅಂಗಳ ಎಲ್ಲಿಗೂ ಹೋಗಿರಲಿಲ್ಲ, ಅದರ ಮೇಲೆ ಡಾಂಬರು ಬಂದಿತ್ತು ಅಷ್ಟೆ. ದಿನಾ ಬೆಳಗಾಗುವ ಮುಂಚೆ ರಸ್ತೆಯ ಅರ್ಧದವರೆಗೂ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಡುತ್ತಿದ್ದರು. ಲಾರಿಗಳು ತುಳಿದುಕೊಂಡು ಹೋಗುತ್ತಿದ್ದವು. ಮಾರನೇ ದಿನ ಮತ್ತೆ ಬಿಡುತ್ತಿದ್ದರು. ಧನುರ್ಮಾಸ ಬಂದರಂತೂ ಕೇಳಬೇಡಿ, ಎಳೆ ಎಳೆಯಾಗಿ ಹಾಸು ರಂಗೋಲಿ, ನಡುವೆ ಸಗಣಿ ಉಂಡೆ, ಅದಕ್ಕೆ ಸಿಕ್ಕಿಸಿದ ಕುಂಬಳದ ಹೂ. ನನಗೆ ಆರು ವರ್ಷವಿದ್ದಾಗ ಅವರು ನಮ್ಮ ಮನೆ ತುಂಬಿದ್ದು. ಅದೇ ವರ್ಷ ಅವ್ವ ತೀರಿಕೊಂಡರು. ನನ್ನ ತಲೆ ಬಾಚಿ, ಮೂಗು ಒರೆಸಿ ಸ್ಕೂಲಿಗೆ ಕಳಿಸಿದ್ದೆಲ್ಲ ಅತ್ತಿಗೆಯೇ. ಅವರಿಗೆ ಮಕ್ಕಳಾಗಲಿಲ್ಲ. ಅವರ ಮಾತಿಗೆ ನಾನು ಒಂದು ದಿನವೂ ಇಲ್ಲ ಅಂದವನಲ್ಲ.

ಸ್ಪರ್ಧೆಗೆ ಎರಡು ದಿನ ಮುಂಚೆ ಕಾರಿನವರು ರಸ್ತೆ ನೋಡಿಕೊಳ್ಳಲು ಮೆಲ್ಲಗೆ ಓಡಾಡಿದರು. ಒಂದು ಕಾರು ನಮ್ಮ ತಿರುವಿನಲ್ಲಿ ನಿಂತಿತು. ಚಾಲಕ ಹೊರದೇಶದ ಹುಡುಗ, ಇಳಿಯಲೇ ಇಲ್ಲ. ಅವನ ಪಕ್ಕದಲ್ಲಿ ಕೂತು ದಾರಿ ಹೇಳುವವರು ಮಾತ್ರ ಪುಸ್ತಕ, ಪೆನ್ಸಿಲ್ ಹಿಡಿದು ಇಳಿದರು. ಪೊನ್ನಂಪೇಟೆ ಕಡೆಯವರು, ಹೆಸರು ಉತ್ತಯ್ಯ. ನಲವತ್ತು ದಾಟಿದ, ಕಟ್ಟುಮಸ್ತಾದ, ನಗುಮುಖದ ಮನುಷ್ಯ. ತಿರುವನ್ನು ಮೂರು ಸಲ ಕಾಲ್ನಡಿಗೆಯಲ್ಲಿ ಅಳೆದರು.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸುಮ್ಮನಿರುತ್ತಾರೆಯೇ. "ಬಿಸಿಲಲ್ಲಿ ಯಾಕ್ ಬುದ್ಧಿ ಅಂಗ್ ನಡೀತೀರಿ, ಬನ್ನಿ ಒಳಕ್ಕೆ. ರೊಟ್ಟಿ ತಟ್ಟಿವ್ನಿ, ಇಸುಕಿದ್ ಬ್ಯಾಳೆ ಸಾರೈತೆ" ಎಂದರು.

ಉತ್ತಯ್ಯ ಒಂದಕ್ಕೂ ಬೇಡ ಅನ್ನಲಿಲ್ಲ. ಜಗುಲಿಯ ಮೇಲೆ ಕೂತು ಮೂರು ರಾಗಿ ರೊಟ್ಟಿ ತಿಂದರು. "ಅಕ್ಕ, ಅವರೆ ಸೊಗಡು ಅಂದ್ರೆ ನಿಮ್ಮ ಕಡೇದೇ. ನಮ್ಮಲ್ಲಿ ಇಷ್ಟು ಬರಲ್ಲ" ಎಂದು ಕೈ ನೆಕ್ಕಿದರು. ಅತ್ತಿಗೆಗೆ ಅಷ್ಟು ಸಾಕಾಯಿತು.

ಊಟವಾದ ಮೇಲೆ ನನಗೆ ಪುಸ್ತಕ ತೋರಿಸಿದರು. ಪ್ರತಿ ತಿರುವಿಗೂ ಅದು ಎಷ್ಟು ಕಡಿದು ಎಂಬುದಕ್ಕೆ ಒಂದು ಅಂಕಿ, ಒಂದು ಗುರುತು. ನಮ್ಮದು ಬಲ ತಿರುವು, ಅಂಕಿ ನಾಲ್ಕು. "ಚಾಲಕ ರಸ್ತೆ ನೋಡಿ ಓಡಿಸಲ್ಲ ಮೇಷ್ಟ್ರೇ, ನಾನು ಓದಿದ್ದನ್ನ ಕೇಳಿ ಓಡಿಸ್ತಾನೆ. ನಾನು ಒಣಗಿದೆ ಅಂತ ಓದಿದ್ರೆ ಅವನಿಗೆ ಒಣಗಿದೆ. ನಮ್ಮ ಟಯರು ನೋಡಿ, ಹೆಚ್ಚು ಗೆರೆನೇ ಇಲ್ಲ. ಒಣ ಡಾಂಬರಲ್ಲಿ ಅಂಟ್ಕೊಂಡು ಹೋಗುತ್ತೆ. ಒಂದು ಬಕೆಟ್ ನೀರಿದ್ರೆ ಮುಗೀತು, ಸೋಪಿನ ಮೇಲೆ ನಿಂತ ಹಾಗೆ." ಆಮೇಲೆ ನನ್ನ ಮುಖ ನೋಡಿ ಕೇಳಿದರು. "ಈ ತಿರುವು ಆವತ್ತೂ ಹೀಗೇ ಇರುತ್ತಲ್ಲ?"

"ಹೀಗೇ ಇರುತ್ತೆ ಸಾರ್. ನಾನೇ ನಿಂತಿರ್ತೀನಲ್ಲ" ಎಂದೆ. ಅವರು ನಗುತ್ತ ನನ್ನ ಕಣ್ಣೆದುರಿಗೇ ಪೆನ್ಸಿಲಿನಲ್ಲಿ 'ಒಣ' ಎಂದು ಗೀಚಿಕೊಂಡರು.

ಆ ದಿನ ಬೆಳಿಗ್ಗೆ ಮಂಜು ಬೇಗ ಕರಗಿತು. ಅಣ್ಣ ಹೊಗೆಸೊಪ್ಪಿನ ಬೇಲು ತೆಗೆದುಕೊಂಡು ಹರಾಜಿಗೆ ಹೋಗಿದ್ದ. ಅತ್ತಿಗೆ ಎಂದಿನಂತೆ ಐದಕ್ಕೇ ರಂಗೋಲಿ ಬಿಟ್ಟಿದ್ದರು. ಎಂಟಕ್ಕೆ ರಸ್ತೆ ಮುಚ್ಚಿದರು. ಆ ಹೊತ್ತಿಗೆ ಅದು ಒಣಗಿ, ರ‍್ಯಾಲಿಯವರ ಜೀಪುಗಳು ಓಡಾಡಿ ಕಲಸಿಹೋಗಿತ್ತು. ನಾನು ದನ ಕಟ್ಟಿಸಿದೆ, ನಾಯಿ ಕಟ್ಟಿಸಿದೆ, ಊರವರನ್ನು ತಿರುವಿನ ಒಳಬದಿಯ ದಿಬ್ಬಕ್ಕೆ ಹತ್ತಿಸಿ ಹಗ್ಗ ಕಟ್ಟಿದೆ. ನಾನೂ ಆ ಬದಿಗೇ ನಿಂತೆ. ನಮ್ಮ ಮನೆ ಎದುರುಬದಿಗೆ, ತಿರುವಿನ ಹೊರಗೆ. ಮನೆ ದಾಟಿ ಇಪ್ಪತ್ತು ಹೆಜ್ಜೆಗೆ ಒಂದು ಹಳೆಯ ಹುಣಸೆಮರ. ದಾರಿ ಸರಿಯಿದೆಯೇ ಎಂದು ಕೊನೆಯ ಸಲ ನೋಡಲು ಬರುವ ಸೊನ್ನೆ ನಂಬರಿನ ಕಾರು ಹಾದುಹೋಯಿತು. ಇನ್ನು ಹತ್ತು ನಿಮಿಷಕ್ಕೆ ಸ್ಪರ್ಧೆಯ ಮೊದಲನೇ ಕಾರು.

ಆಗ ಅತ್ತಿಗೆ ಬಕೆಟ್ಟು ಹಿಡಿದು ಮೆಟ್ಟಿಲಿಳಿದರು.

ನಾನು ಹಗ್ಗ ದಾಟಿ ಓಡಿದೆ. "ಅತ್ಗೆ, ಏನಿದು? ಒಳಕ್ಕೆ ನಡೀರಿ" ಎಂದೆ. ಅಷ್ಟರಲ್ಲಿ ಒಂದು ಬಕೆಟ್ಟು ಸಗಣಿ ನೀರು ರಸ್ತೆಯ ಅರ್ಧಕ್ಕೆ ಹರಡಿ ಆಗಿತ್ತು.

"ಅದೇನ್ ಅವಸರ ಕಣಪ್ಪ, ಎರಡು ನಿಮಿಸ. ಮನೇಲಿ ಉಂಡೋದ ಮನುಸ ಬತ್ತಾವ್ನೆ. ಬಾಗ್ಲು ಬರಿದಾಗಿದ್ರೆ ಚೆಂದಾಗಿರ್ತದಾ? ಇಕಾ, ಡಬ್ಬಿ ಇಡ್ಕೊ."

ನಾನು ಡಬ್ಬಿ ಹಿಡಿದುಕೊಂಡೆ. ಇದನ್ನು ಎಷ್ಟು ಸಲ ನೆನೆದರೂ ನನಗೇ ನಂಬಿಕೆ ಬರುವುದಿಲ್ಲ. ಕಿತ್ತಳೆ ಜಾಕೆಟ್ಟು ತೊಟ್ಟು, ಕಂಕುಳಲ್ಲಿ ಬಾವುಟ ಸಿಕ್ಕಿಸಿಕೊಂಡು, ರಂಗೋಲಿ ಪುಡಿ ಡಬ್ಬಿ ಹಿಡಿದು ನಿಂತಿದ್ದೆ. ದಿಬ್ಬದ ಮೇಲಿದ್ದವರು ನಗುತ್ತಿದ್ದರು. "ಮೇಷ್ಟ್ರೇ, ಒಂದೆಳೆ ನೀವೂ ಎಳೀರಿ" ಎಂದು ಯಾರೋ ಕೂಗಿದರು. ಅತ್ತಿಗೆ ಬಗ್ಗಿ ಹೂವಿನಂಥದ್ದೇನನ್ನೋ ಸರಸರ ಎಳೆದರು, ಎದ್ದು ನೋಡಿ ತಾವೇ ಮೆಚ್ಚಿದರು, ಒಳಗೆ ಹೋದರು.

ನಾನು ಮತ್ತೆ ನನ್ನ ಜಾಗಕ್ಕೆ ಬಂದು ರಸ್ತೆ ನೋಡಿದೆ. ಬಿಸಿಲಿದೆ, ಒಣಗುತ್ತದೆ ಎಂದುಕೊಂಡೆ. ಒಣಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅದು ಹುಣಸೆಮರದ ನೆರಳು. ವಾಕಿಟಾಕಿ ಗೊರಗುಟ್ಟಿತು. ಒಂದೊಂದೇ ಪಾಯಿಂಟನ್ನು ಕೇಳಿಕೊಂಡು ಬಂದರು. "ಹದಿನೇಳು?"

ಹೇಳಬೇಕಾದ್ದು ಒಂದೇ ಮಾತು. ಹೇಳಿದರೆ ಸ್ಪರ್ಧೆ ನಿಲ್ಲುತ್ತಿತ್ತು. ಎಷ್ಟೋ ದೇಶದ ಕಾರುಗಳು ನಮ್ಮ ಮನೆ ಬಾಗಿಲಿನ ದೆಸೆಯಿಂದ ನಿಂತವು ಎಂದು ಹುಣಸೂರಿನವರೆಗೂ ಸುದ್ದಿಯಾಗುತ್ತಿತ್ತು. ಊರಿಗೆಲ್ಲ ಶಿಸ್ತು ಹೇಳುವ ಮೇಷ್ಟ್ರ ಮನೆಯವರೇ ಹೀಗೆ ಮಾಡಿದರು ಎನ್ನುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇರಲಿಲ್ಲ.

"ಕ್ಲಿಯರ್ ಸಾರ್" ಎಂದೆ.

ಮೊದಲನೇ ಕಾರು ಬಂತು. ನೀರಿನ ಮೇಲೆ ಅದರ ಹಿಂಭಾಗ ಅತ್ತಿತ್ತ ಹೊಯ್ದಾಡಿ, ಹುಣಸೆಮರವನ್ನು ಸವರಿಕೊಂಡಂತೆ ತಪ್ಪಿಸಿಕೊಂಡು ಹೋಯಿತು. ಜನ ಶಿಳ್ಳೆ ಹಾಕಿದರು. ಅವರಿಗೆ ಅದು ಚಾಲಕನ ಕೈಚಳಕ. ಮುಂದಿನ ಕಾರಿಗೆ ಎರಡು ನಿಮಿಷವಿತ್ತು. ಬಾವುಟ ಬಲಗೈಯಲ್ಲಿತ್ತು, ವಾಕಿಟಾಕಿ ಎಡಗೈಯಲ್ಲಿತ್ತು. ಈಗ ಹೇಳಿದರೆ ಮೊದಲು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂದು ಯೋಚಿಸುತ್ತ ಆ ಎರಡು ನಿಮಿಷವನ್ನು ಕಳೆದೆ. ಸ್ಕೂಲಿನಲ್ಲಿ ಮಕ್ಕಳು ಅಷ್ಟು ಹೊತ್ತು ಪೆದ್ದರಂತೆ ನಿಂತರೆ ನಾನು ಮೈದಾನ ಐದು ಸುತ್ತು ಓಡಿಸುತ್ತಿದ್ದೆ.

ಎರಡನೆಯದು ಉತ್ತಯ್ಯನವರ ಕಾರು. ಬಲಕ್ಕೆ ತಿರುಗಬೇಕಾದದ್ದು ತಿರುಗಲೇ ಇಲ್ಲ. ರಂಗೋಲಿಯ ಮೇಲೆ ಅಡ್ಡಡ್ಡ ಜಾರಿಕೊಂಡು ಹೋಗಿ ಎಡಪಕ್ಕವನ್ನು ಹುಣಸೆಮರಕ್ಕೆ ಕೊಟ್ಟಿತು. ಆಗ ವಾಕಿಟಾಕಿಯಲ್ಲಿ ಕೂಗಿದೆ, ಸ್ಪರ್ಧೆ ನಿಂತಿತು. ಚಾಲಕ ಬಲಗಡೆ ಕೂತಿದ್ದ, ಅವನಿಗೆ ತರಚು ಗಾಯವೂ ಆಗಲಿಲ್ಲ. ಎಡಗಡೆ ಕೂತಿದ್ದವರನ್ನು ಹೊರಗೆ ತೆಗೆಯಲು ಕಬ್ಬಿಣ ಕತ್ತರಿಸಬೇಕಾಯಿತು. ಅಲ್ಲಿಯವರೆಗೆ ನಾನು ಅವರ ಕೈ ಹಿಡಿದುಕೊಂಡಿದ್ದೆ. ಪ್ರಜ್ಞೆಯಿತ್ತು ಅವರಿಗೆ. "ಹುಡುಗ ಹೇಗಿದ್ದಾನೆ?" ಎಂದು ಚಾಲಕನನ್ನೇ ಕೇಳುತ್ತಿದ್ದರು. ಅತ್ತಿಗೆ ಮೆಟ್ಟಿಲ ಮೇಲೆ ಆರತಿ ತಟ್ಟೆ ಹಿಡಿದುಕೊಂಡು ನಿಂತಿದ್ದರು.

ಮಧ್ಯಾಹ್ನ ರ‍್ಯಾಲಿಯ ಅಧಿಕಾರಿಯೊಬ್ಬರು ನಮ್ಮ ಸ್ಕೂಲಿನ ವರಾಂಡದಲ್ಲಿ ಕೂತು ನನ್ನನ್ನು ಕೇಳಿದರು. ರಸ್ತೆ ಹೇಗೆ ಒದ್ದೆಯಾಗಿತ್ತು? "ಇಬ್ಬನಿ ಸಾರ್. ಮರದ ನೆರಳಲ್ಲಿ ಒಣಗಿರಲಿಲ್ಲ ಅಂತ ಕಾಣುತ್ತೆ." ರಂಗೋಲಿ? "ಅದು ಬೆಳಿಗ್ಗೆ ಐದಕ್ಕೆ ಹಾಕಿದ್ದು, ಧನುರ್ಮಾಸ ಅಲ್ವಾ." ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ಅಷ್ಟು ಹೊತ್ತಿಗೆ ನೂರಾರು ಕಾಲು ತುಳಿದು ರಸ್ತೆಯ ಮೇಲೆ ನೋಡಲು ಏನೂ ಉಳಿದಿರಲಿಲ್ಲ. ಊರೂರೇ ನೋಡಿತ್ತು, ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಚಿಕ್ಕತಾಯಮ್ಮನ ಹೆಸರು ಸ್ಟೇಷನ್ ಮೆಟ್ಟಿಲು ಹತ್ತಬಾರದು ಎಂದು ತಾವೇ ತೀರ್ಮಾನ ಮಾಡಿಕೊಂಡಿದ್ದರು. ನಾನೂ ಅದನ್ನೇ ಹಿಡಿದುಕೊಂಡೆ. ಅತ್ತಿಗೆಯನ್ನು ಕಾಪಾಡಲು ಸುಳ್ಳು ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯ ಕಾರಣ ಸಿಕ್ಕಿದರೆ ಮನುಷ್ಯ ಎಷ್ಟು ಬೇಗ ಅದನ್ನು ತನ್ನದು ಮಾಡಿಕೊಳ್ಳುತ್ತಾನೆ. ಇಬ್ಬನಿ ಇರುವುದನ್ನು ದಾರಿ ಹೇಳುವವರು ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು, ತಪ್ಪು ಅವರದೇ ಎಂದು ರ‍್ಯಾಲಿಯವರು ಮಾತಾಡಿಕೊಂಡರಂತೆ.

ಒಂದು ವಾರ ಬಿಟ್ಟು ಅತ್ತಿಗೆಯನ್ನು ಕರೆದುಕೊಂಡು ಮೈಸೂರಿನ ಆಸ್ಪತ್ರೆಗೆ ಹೋದೆ. ಉತ್ತಯ್ಯನವರ ಎಡಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿ ತೆಗೆದಿದ್ದರು. ಹೊದಿಕೆ ಅಲ್ಲಿ ತಟ್ಟನೆ ತಗ್ಗಾಗಿತ್ತು. ಅತ್ತಿಗೆ ಅದನ್ನೇ ನೋಡುತ್ತ ನಿಂತರು. "ಇಬ್ಬನಿ ಅಂತೆ ಅಕ್ಕ. ನಾನು ಗಮನಿಸಬೇಕಿತ್ತು, ಬರೆದಿದ್ದೇ ತಪ್ಪಾಯ್ತು" ಎಂದರು ಅವರು. ಅತ್ತಿಗೆ ತಿರುಗಿ ನನ್ನ ಮುಖ ನೋಡಿದರು. ನಾನು ಕಿಟಕಿ ಕಡೆ ನೋಡಿದೆ. ಬಸ್ಸಿನಲ್ಲಿ ಬರುವಾಗ ಅತ್ತಿಗೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ತಾವು ಹಾಕಿದ ನೀರೇ ಕಾರಣ ಎಂದು ಅವರಿಗೆ ಹೊಳೆದಿಲ್ಲ, ಹೊಳೆಯದಿದ್ದರೇ ಒಳ್ಳೆಯದು ಎಂದು ನಾನು ನಂಬಿಕೊಂಡೆ.

ಆ ಚಳಿಗಾಲ ಮುಗಿಯಲೇ ಇಲ್ಲವೆನಿಸುತ್ತದೆ. ಬೆಳಿಗ್ಗೆ ಹತ್ತಾದರೂ ಮಂಜು ಬಿಡುತ್ತಿರಲಿಲ್ಲ. ಅಣ್ಣ ಹರಾಜಿಗೆ ಹೋಗಿ ಬರುತ್ತಿದ್ದ, ನಾನು ಸ್ಕೂಲಿಗೆ ಹೋಗಿ ಬರುತ್ತಿದ್ದೆ, ಮನೆಯಲ್ಲಿ ಮೂವರೂ ಉಂಡು ಎದ್ದುಬಿಡುತ್ತಿದ್ದೆವು. ಹುಣಸೆಮರದ ತೊಗಟೆ ಎದೆಮಟ್ಟಕ್ಕೆ ಸುಲಿದು ಬೆಳ್ಳಗಾಗಿತ್ತು. ದಿನಾ ಅದನ್ನು ನೋಡಿಕೊಂಡು ಹೋಗಲಾರದೆ, ಬೇಸಿಗೆಯಲ್ಲಿ ವರ್ಗಾವಣೆ ಕೇಳಿಕೊಂಡು ಕೃಷ್ಣರಾಜನಗರದ ಕಡೆ ಬಂದುಬಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಕೆಟ್ಟ ಮೇಲೂ ಬಂದಿರಲಿಲ್ಲ.

ಹೋದ ಧನುರ್ಮಾಸದ ಆ ಬೆಳಗಿನ ವಾಸನೆ ಮೂಗು ಬಿಡದೆ ಹೋದಾಗ, ಮುಂದಿನ ಭಾನುವಾರ ಪೊನ್ನಂಪೇಟೆ ಕಡೆ ಹೊರಟೆ. ಉತ್ತಯ್ಯನವರ ಮನೆಗೆ ದಿನಕ್ಕೆ ಮೂರೇ ಬಸ್ಸು. ಅವರ ಹೆಂಡತಿ ಫೋನಿನಲ್ಲಿ ಬಸ್ಸಿನ ಹೊತ್ತೆಲ್ಲ ಹೇಳಿ, ಇಳಿಯುವ ಕಡೆ ಗುರುತನ್ನೂ ಹೇಳಿದ್ದರು. ಉತ್ತಯ್ಯ ವರಾಂಡದಲ್ಲಿ ಕೂತಿದ್ದರು. ದಪ್ಪಗಾಗಿದ್ದರು, ತಲೆ ನೆರೆತಿತ್ತು. ನನ್ನನ್ನು ಕಂಡು ಆ ಹಳೆಯ ನಗುವನ್ನೇ ನಕ್ಕರು. "ಬನ್ನಿ ಮೇಷ್ಟ್ರೇ, ಬನ್ನಿ" ಎಂದು ಒಳಗೆ ಕೂಗಿ ಕಾಫಿಗೆ ಹೇಳಿದರು. "ಅಕ್ಕ ಹೇಗಿದ್ದಾರೆ? ಅವರು ಇಲ್ಲಿಗೆ ಬಂದಿದ್ರಲ್ಲ, ಆ ವರ್ಷಾನೇ."

ನನಗೆ ಅರ್ಥವಾಗಲಿಲ್ಲ.

"ನಿಮಗೆ ಹೇಳಿಲ್ವಾ? ಸಂಕ್ರಾಂತಿ ಆದ್ಮೇಲೆ ಒಬ್ಬರೇ ಬಸ್ಸಲ್ಲಿ ಕೇಳ್ಕೊಂಡು ಕೇಳ್ಕೊಂಡು ಬಂದ್ರು. ಇಬ್ಬನಿ ಅಲ್ಲ, ನೀರು ಹಾಕಿದ್ದು ನಾನು ಅಂತ ಈ ಕಂಬ ಹಿಡ್ಕೊಂಡು ಅತ್ತರು. 'ನಮ್ಮ ಹುಡ್ಗ ಬ್ಯಾಡ ಬ್ಯಾಡ ಅಂತ ಬಡ್ಕಂಡ ಬುದ್ಧಿ, ನಾನೇ ಕೇಳ್ನಿಲ್ಲ. ಅವನು ಅತ್ಲಾಗಿ ತಿರುಗಿದ್ದಾಗ ಹಾಕ್ಬುಟ್ಟೆ. ಅವನಿಗೇನೂ ಗೊತ್ತಿಲ್ಲ' ಅಂದ್ರು."

ಆ ಸಂಕ್ರಾಂತಿ ಕಳೆದು ಅತ್ತಿಗೆ ಎಚ್.ಡಿ. ಕೋಟೆಯ ತವರಿಗೆ ಎಂದು ಹೇಳಿ ಎರಡು ದಿನ ಹೋಗಿದ್ದರು. ನಾನೇ ಬಸ್ಸು ಹತ್ತಿಸಿದ್ದೆ. ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೇ ಇಷ್ಟು ವರ್ಷ ಇದ್ದೆ. ಅವರು ಇಷ್ಟು ದೂರ ಬಂದು, ಗುರುತಿಲ್ಲದ ಮನೆಯ ಕಂಬ ಹಿಡಿದು ಅತ್ತು, ನನ್ನನ್ನು ಬಿಡಿಸಿಕೊಂಡು ಹೋಗಿದ್ದರು. ನನಗೆ ತಡೆಯಲಾಗಲಿಲ್ಲ.

"ಅದು ಸುಳ್ಳು ಸಾರ್" ಎಂದೆ. "ನನ್ನ ಕಣ್ಣೆದುರಿಗೇ ಹಾಕಿದ್ರು. ನಾನೇ ರಂಗೋಲಿ ಡಬ್ಬಿ ಹಿಡ್ಕೊಂಡು ನಿಂತಿದ್ದೆ. ವಾಕಿಟಾಕೀಲಿ ಕ್ಲಿಯರ್ ಅಂದೆ. ಮೊದಲನೇ ಕಾರು ಜಾರಿದ್ದು ನೋಡಿದೆ, ಆಮೇಲೂ ಬಾವುಟ ಎತ್ತಲಿಲ್ಲ. ಮಾನ ಹೋಗುತ್ತೆ ಅಂತ."

ಉತ್ತಯ್ಯ ಉಳಿದ ಕಾಲಿನ ತೊಡೆಯನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತ ಗದ್ದೆ ಕಡೆ ನೋಡುತ್ತಿದ್ದರು. ನನ್ನ ಎದೆ ಹಗುರವಾಗಿತ್ತು. ಹೇಳಿಬಿಟ್ಟೆನಲ್ಲ ಎಂಬ ಸಮಾಧಾನವಾಗಿತ್ತು. ಬೈದರೆ ಬೈಯಲಿ ಎಂದು ಕಾದೆ.

"ಯಾಕೆ ಹೇಳಿದ್ರಿ?" ಎಂದರು ಕೊನೆಗೆ. ದನಿ ಏರಿರಲಿಲ್ಲ. "ಏನೂ ತಿಳಿಯದ ಹೆಂಗಸು, ನನ್ನ ಮೇಲಿನ ಪ್ರೀತಿಗೆ ನೀರು ಹಾಕಿದ್ರು, ಕಾಲು ಹೋಯ್ತು. ಹಾಗಂದ್ಕೊಂಡು ಇಷ್ಟು ವರ್ಷ ಯಾರ ಮೇಲೂ ಸಿಟ್ಟಿಲ್ದೆ ಇದ್ದೆ. ನಿಮಗೆ ಈಗ ಹಗುರ ಆಗಿರಬೇಕು. ನಾನಿನ್ನು ಏನು ಮಾಡ್ಲಿ?"

ಆಮೇಲೆ ಅವರೇ ಮುಂದುವರಿಸಿದರು.

"ಅಕ್ಕನಿಗೆ ಇದನ್ನ ಹೇಳಬೇಡಿ. ನೀವು ಬಂದಿದ್ರಿ ಅಂತಾನೂ ಹೇಳಬೇಡಿ. ಅವರ ಮಾತು ನಾನು ನಂಬಿದ್ದೀನಿ ಅಂತ ಅವರು ನೆಮ್ಮದಿಯಾಗಿರಲಿ."

ಆ ಹೊತ್ತಿಗೆ ಅವರ ಹೆಂಡತಿ ತಟ್ಟೆಯಲ್ಲಿ ಕಾಫಿ ಹಿಡಿದು ನಗುತ್ತ ಬಾಗಿಲು ದಾಟಿ ಬಂದರು. ನಾನು ಲೋಟಕ್ಕೆ ಕೈ ಚಾಚಿದೆ.

"ಇವರು ಕುಡಿಯಲ್ಲ" ಎಂದರು ಉತ್ತಯ್ಯ, ನನ್ನ ಕಡೆ ನೋಡದೆ. "ಇವರಿಗೆ ಬಸ್ಸಿಗೆ ಹೊತ್ತಾಯ್ತು."

ನಾನು ಎದ್ದು ಕೈ ಮುಗಿದು ಮೆಟ್ಟಿಲಿಳಿದೆ. ಮುಂದಿನ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಅದು ಅವರಿಗೂ ಗೊತ್ತಿತ್ತು.